ಬೂತಾಯಿ ಹೋಗಿದ್ದು ಯಾಕೆ, ಬಂದಿದ್ದು ಹೇಗೆ?

ಪ್ರಶ್ನೆ: ನಮ್ಮದು ಮಲ್ಪೆ. ನಡುವೆ ಕೆಲವು ವರ್ಷ ಬೂತಾಯಿ ಮೀನು ಕಾಣಲೇ ಇಲ್ಲ. ಜಾಸ್ತಿ ಹಿಡಿದದ್ದೇ ಕಾರಣ ಅಂತ ವಿಜ್ಞಾನಿಗಳು ಹೇಳಿದರು. ಆಮೇಲೆ ಮೀನು ತಾನಾಗೇ ಬಂತು. ಹಾಗಾದರೆ ಬಲೆಯದ್ದೇನೂ ತಪ್ಪಿಲ್ಲ ಅಲ್ವಾ?

ಉತ್ತರ: ನಿಮ್ಮ ಮಾತು ಅರ್ಧ ಸರಿ. ಬೂತಾಯಿ (ಇಂಗ್ಲಿಷಿನಲ್ಲಿ ಸಾರ್ಡೀನ್, ಕುಂದಾಪುರದವರಿಗೆ ಬೈಗೆ, ಕಾರವಾರದವರಿಗೆ ತಾರ್ಲೆ) ಹಿಂದೆಯೂ ಹೀಗೆ ಮಾಯವಾಗಿದೆ. 1940ರ ದಶಕದಲ್ಲಿ ಅದು ಎಷ್ಟು ಕಡಿಮೆಯಾಯಿತೆಂದರೆ, 1943ರಲ್ಲಿ ಮದ್ರಾಸ್ ಸರಕಾರ ಕೆಲವು ಬಲೆಗಳಿಗೆ ಕಡಿವಾಣ ಹಾಕಿತು. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು. ಆಗ ಎಂಜಿನ್ ಬೋಟೂ ಇಲ್ಲ, ಮೀನಿನ ಹಿಂಡನ್ನೇ ಸುತ್ತುವರಿಯುವ ಪರ್ಸೀನ್ ಬಲೆಯೂ ಇಲ್ಲ. ಬರೀ ದೋಣಿ, ದಡದಿಂದ ಎಳೆಯುವ ರಂಪಣಿ ಬಲೆ.

ಕಾರಣ ಮೀನಿನ ಹೊಟ್ಟೆಯಲ್ಲೇ ಇದೆ. ಮಳೆಗಾಲ ಮುಗಿದ ಮೇಲೆ ಸಿಗುವ ಬೂತಾಯಿಯನ್ನು ಕೊಯ್ದು ನೋಡಿ. ಒಳಗೆ ಹಸಿರು ಮಿಶ್ರಿತ ಕೆಸರಿನಂಥದ್ದು ಕಾಣುತ್ತದೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಮುಂಗಾರಿನಲ್ಲಿ ಆಳದ ತಣ್ಣೀರು ಗೊಬ್ಬರ ಹೊತ್ತು ಮೇಲೆ ಬಂದಾಗ ಈ ಪಾಚಿ ಬೆಳೆಯುತ್ತದೆ. ಮೀನು ಮೊಟ್ಟೆ ಇಡುವುದೂ ಹೆಚ್ಚಾಗಿ ಅದೇ ಹೊತ್ತಿಗೆ. ಪಾಚಿ ಚೆನ್ನಾಗಿದ್ದರೆ ಮರಿ ಬದುಕುತ್ತದೆ, ಅಕ್ಟೋಬರ್ ಹೊತ್ತಿಗೆ ಕೊಬ್ಬು ತುಂಬುತ್ತದೆ. ಹುರಿಯಲು ಹಾಕಿದರೆ ಮೀನೇ ಎಣ್ಣೆ ಬಿಡುತ್ತದಲ್ಲ, ಅದು ಆ ಕೊಬ್ಬು. ಪಾಚಿ ಕೈಕೊಟ್ಟರೆ ಮರಿಗಳಿಗೆ ಉಪವಾಸ.

ಇನ್ನು ಬಲೆಯ ವಿಷಯ. ಬೂತಾಯಿಯ ಆಯಸ್ಸೇ ಎರಡು, ಎರಡೂವರೆ ವರ್ಷ. ಸತತ ಎರಡು ಮಳೆಗಾಲ ಕೆಟ್ಟರೆ ಹೊಸ ತಲೆಮಾರೇ ಇಲ್ಲ. ಅಂಥ ಹೊತ್ತಲ್ಲಿ ಉಳಿದಿರುವ ಮೊಟ್ಟೆ ಮೀನನ್ನೂ ಮರಿಯನ್ನೂ ಬಾಚಿದರೆ ಪೆಟ್ಟು ದೊಡ್ಡದು. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಹಿಡಿದರು. 2021ರಲ್ಲಿ ಸಿಕ್ಕಿದ್ದು ಮೂರು ಸಾವಿರ ಟನ್ ಚಿಲ್ಲರೆ. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಡಲು ಬಿಸಿಯಾದದ್ದು, ಅತಿಯಾಗಿ ಹಿಡಿದದ್ದು ಎರಡನ್ನೂ ಹೆಸರಿಸಿದ್ದರು. ಎರಡನ್ನೂ ಅಂದಿದ್ದು ನಮ್ಮ ಕಿವಿಗೆ ಒಂದೇ ಆಗಿ ಬಿತ್ತು ಅನಿಸುತ್ತದೆ. ಕಡಲು ನಮ್ಮ ಕೈಯಲ್ಲಿಲ್ಲ, ಬಲೆ ಇದೆ. ಮೀನು ಕಡಿಮೆ ಇರುವ ವರ್ಷ ಬಲೆಯನ್ನೂ ಕಡಿಮೆ ಮಾಡಬೇಕು. ಆದರೆ ಸಾಲದ ಕಂತು ಕಟ್ಟುವ ಬೋಟಿನವರು ಮಾಡುವುದು ಉಲ್ಟಾ. ಇನ್ನೂ ದೂರ ಹೋಗಿ ಹುಡುಕುತ್ತಾರೆ. ಅವರನ್ನಷ್ಟೇ ದೂರುವುದು ಸುಮ್ನೆ ಮಾತು.

ಪ್ರಶ್ನೆ: ಬೂತಾಯಿಯಂಥ ಸಣ್ಣ ಮೀನು ಹಿಡಿದರೆ ಅದನ್ನು ತಿನ್ನುವ ಅಂಜಲ್, ಕೇದರದಂಥ ದೊಡ್ಡ ಮೀನು ಕಡಿಮೆಯಾಗುತ್ತವಾ?

ಉತ್ತರ: ವಿಜ್ಞಾನಿಗಳೇ ಇಲ್ಲಿ ಜಗಳ ಆಡುತ್ತಿದ್ದಾರೆ. 2012ರಲ್ಲಿ ಅಮೆರಿಕದ ಎಲೆನ್ ಪಿಕಿಚ್ ಮುಂದಾಳತ್ವದ ತಂಡ ಒಂದು ಲೆಕ್ಕ ಹಾಕಿತು. ಸಣ್ಣ ಮೀನನ್ನು ಹಿಡಿದು ಮಾರಿದರೆ ಬರುವುದಕ್ಕಿಂತ, ದೊಡ್ಡ ಮೀನಿನ ಊಟಕ್ಕೆ ನೀರಲ್ಲೇ ಬಿಟ್ಟರೆ ಜಗತ್ತಿಗೆ ಸುಮಾರು ಎರಡು ಪಟ್ಟು ಬೆಲೆ ಅಂದರು. 2017ರಲ್ಲಿ ಮೀನುಗಾರಿಕೆ ವಿಜ್ಞಾನಿ ರೇ ಹಿಲ್ಬಾರ್ನ್ ಮತ್ತು ಜೊತೆಯವರು ತಕರಾರು ತೆಗೆದರು. ದೊಡ್ಡ ಮೀನು ತಿನ್ನುವುದು ಹಲವು ಸಲ ಬಲೆಗೆ ಬೀಳುವುದಕ್ಕಿಂತ ಸಣ್ಣ ಮರಿಯನ್ನು, ಹಾಗಾಗಿ ಪೈಪೋಟಿ ಅಷ್ಟೇನಿಲ್ಲ ಎಂಬುದು ಅವರ ವಾದ. ನಮ್ಮಲ್ಲಿ ಬೆರಳುದ್ದದ ಮರಿಯೂ ಬಲೆಗೆ ಬೀಳುತ್ತದೆ. ಹಾಗಾಗಿ ಆ ಸಮಾಧಾನ ಕರಾವಳಿಗೆ ಒಪ್ಪುತ್ತದೆ ಅಂತ ನನಗನಿಸುವುದಿಲ್ಲ.

ಪ್ರಶ್ನೆ: ಮಾರ್ಕೆಟಲ್ಲಿ ಎಷ್ಟು ಸಣ್ಣದಾದರೆ ಬೇಡ ಅನ್ನಬೇಕು?

ಉತ್ತರ: ಕೇರಳ 10 ಸೆಂಟಿಮೀಟರಿಗಿಂತ ಸಣ್ಣ ಬೂತಾಯಿ ಹಿಡಿಯಬಾರದು ಎಂದು ನಿಯಮ ಮಾಡಿದೆ. ಮೊದಲ ಸಲ ಮೊಟ್ಟೆ ಇಡುವುದು 15ರ ಹತ್ತಿರ, ಹಾಗಾಗಿ 10 ಉದಾರವೇ ಆಯಿತು. ನೀವು ಬೇಡ ಅನ್ನಿ, ತಪ್ಪಿಲ್ಲ. ಆದರೆ ತೀರಾ ಸಣ್ಣ ಮರಿ ಮನೆಯ ಪುಳಿಮುಂಚಿ ಸಾರಿಗೆ ಹೋಗುವುದಕ್ಕಿಂತ ಜಾಸ್ತಿ ಹೋಗುವುದು ಮೀನನ್ನು ಪುಡಿ ಮಾಡುವ ಫಿಶ್‌ಮೀಲ್ ಫ್ಯಾಕ್ಟರಿಗೆ. ಅಲ್ಲಿ ಯಾರೂ ಸ್ಕೇಲ್ ಹಿಡಿದು ನಿಂತಿರುವುದಿಲ್ಲ.