ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಕಾಲೇಜಿನಲ್ಲಿ ಸಾರ್ವಜನಿಕ ಸಂವಾದ

ಪ್ರಶ್ನೆ: ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಕುರಿತು ನಮ್ಮ ಕಾಲೇಜಿನಲ್ಲಿ ಊರವರನ್ನೂ ಕರೆದು ಸಂವಾದ ಇಡಬೇಕೆಂದಿದ್ದೇವೆ. ಇಂಥ ಸಭೆಗಳು ಸನ್ಮಾನದಲ್ಲೋ ಗಲಾಟೆಯಲ್ಲೋ ಮುಗಿಯುತ್ತವೆ. ಹೇಗೆ ನಡೆಸಬೇಕು?
ರಾಜ್ಯಶಾಸ್ತ್ರ ಉಪನ್ಯಾಸಕಿ, ವಿರಾಜಪೇಟೆ

ಉತ್ತರ: ಗಲಾಟೆ ಆಗುವುದು ಬಹುತೇಕ ಯಾರೂ ಕರಡನ್ನು ಓದದೆ ಬರುವುದರಿಂದ. 2014ರ ಮಾರ್ಚ್‌ನಿಂದ 2024ರ ಜುಲೈ 31ರವರೆಗೆ ಕೇಂದ್ರ ಪರಿಸರ ಸಚಿವಾಲಯ ಆರು ಬಾರಿ ಕರಡು ಹೊರಡಿಸಿದೆ. ಆದರೂ ‘ತೋಟ ಹೋಗುತ್ತದೆ’ ಎಂಬ ಭಯ, ‘ಏನೂ ಆಗುವುದಿಲ್ಲ’ ಎಂಬ ಸಮಾಧಾನ, ಇವೆರಡೇ ಊರಲ್ಲಿ ಓಡಾಡುತ್ತಿವೆ. ಆದ್ದರಿಂದ ಎರಡು ವಾರ ಮೊದಲೇ ಕರಡಿನ ಮುಖ್ಯಾಂಶಗಳನ್ನು ಒಂದೇ ಪುಟದಲ್ಲಿ, ಕನ್ನಡದಲ್ಲಿ ಅಚ್ಚು ಹಾಕಿಸಿ ಗ್ರಾಮ ಪಂಚಾಯಿತಿ, ಸಹಕಾರ ಸಂಘಗಳಿಗೆ ತಲುಪಿಸಿ. ಮುಖ್ಯಾಂಶಗಳು ಇವು: ಗಣಿ, ಕಲ್ಲು ಗಣಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಅತಿ ಹೆಚ್ಚು ಮಾಲಿನ್ಯ ಮಾಡುವ) ಹೊಸ ಕೈಗಾರಿಕೆಗೆ ನಿಷೇಧ. 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡಕ್ಕೆ, 50 ಹೆಕ್ಟೇರ್ ಮತ್ತು ಮೇಲ್ಪಟ್ಟ ಬಡಾವಣೆಗೆ ಅವಕಾಶವಿಲ್ಲ. ಈಗಿರುವ ತೋಟ, ಗದ್ದೆಗಳ ಬೇಸಾಯಕ್ಕೆ ಅದರಲ್ಲಿ ನಿಷೇಧವಿಲ್ಲ. ಗುರುತಿಸುವ ಘಟಕ ಇಡೀ ಗ್ರಾಮವೇ ಹೊರತು ಸರ್ವೆ ನಂಬರ್ ಅಲ್ಲ; ಗ್ರಾಮದ ಶೇ 20ರಷ್ಟು ಅಥವಾ ಅದಕ್ಕಿಂತ ಹೆಚ್ಚು ಭಾಗ ಸೂಕ್ಷ್ಮವೆಂದು ಕಂಡರೆ ಗ್ರಾಮ ಪೂರ್ತಿ ಪಟ್ಟಿಗೆ ಸೇರುತ್ತದೆ. ನಿಜವಾದ ತಕರಾರು ಹುಟ್ಟುವುದೇ ಇಲ್ಲಿ. ಚರ್ಚೆ ಈ ಬಿಂದುವಿಗೆ ಬಂದರೆ ಸಭೆ ಸಾರ್ಥಕ.

ಭಾಷಣಕಾರರು ಇಬ್ಬರು ಸಾಕು: ಕಾನೂನು ಬಲ್ಲವರೊಬ್ಬರು, ಮಣ್ಣು-ಮಳೆ-ಕಾಡು ಬಲ್ಲವರೊಬ್ಬರು. ಎರಡನೆಯವರಿಗಾಗಿ ಪೊನ್ನಂಪೇಟೆಯ ಅರಣ್ಯ ಕಾಲೇಜನ್ನು ಕೇಳಬಹುದು. ತಲಾ 20 ನಿಮಿಷ, ಅದಕ್ಕಿಂತ ಒಂದು ನಿಮಿಷವೂ ಬೇಡ. ಎರಡು ಗಂಟೆಯ ಸಭೆಯಲ್ಲಿ ಪೂರ್ತಿ ಒಂದು ಗಂಟೆ ಪ್ರಶ್ನೆಗಳಿಗೇ ಮೀಸಲಿರಲಿ. ಹಾರ, ಶಾಲು, ಸ್ವಾಗತ ಭಾಷಣ, ವಂದನಾರ್ಪಣೆಗೆ ಅರ್ಧ ಗಂಟೆ ಕೊಟ್ಟರೆ ನೀವು ಕಳೆದುಕೊಳ್ಳುವುದು ಜನರ ಪ್ರಶ್ನೆಯನ್ನು. ಇದನ್ನು ಪ್ರಾಂಶುಪಾಲರಿಗೆ ಮೊದಲೇ ವಿನಯದಿಂದ ಹೇಳಿ ಒಪ್ಪಿಸಿ.

ಬಾಗಿಲಲ್ಲೇ ಎಲ್ಲರಿಗೂ ಚೀಟಿ ಕೊಡಿ. ಬರೆಯಲಾಗದವರು ಹೇಳಿದ್ದನ್ನು ವಿದ್ಯಾರ್ಥಿಗಳು ಬರೆದುಕೊಳ್ಳಲಿ. ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಕೇಳುವವರಿಗೆ ಅಡ್ಡಿ ಮಾಡದೆ, ನಿರ್ವಾಹಕರು ಅದನ್ನು ಕನ್ನಡದಲ್ಲಿ ಮತ್ತೊಮ್ಮೆ ಹೇಳಲಿ. ಇಬ್ಬರು ಅಧ್ಯಾಪಕರು ಚೀಟಿಗಳನ್ನು ವಿಷಯವಾರು ಜೋಡಿಸಿದರೆ ಒಂದೇ ಪ್ರಶ್ನೆ ಹತ್ತು ಸಲ ಬರುವುದಿಲ್ಲ. ಮೈಕ್ ಸ್ವಯಂಸೇವಕರ ಕೈಯಲ್ಲೇ ಇರಬೇಕು. ಪ್ರೇಕ್ಷಕರ ಕೈಗೆ ಹೋದರೆ ಪ್ರಶ್ನೆ ಭಾಷಣವಾಗುತ್ತದೆ.

ಒಂದು ಮಾತನ್ನು ಸಭೆಯಲ್ಲಿ ಎರಡು ಸಲ ಹೇಳಿ: ಸಭೆಯಲ್ಲಿ ಆಡಿದ ಮಾತು ಆಕ್ಷೇಪಣೆ ಅಲ್ಲ. ಕರಡು ಗೆಜೆಟ್ ಜನರಿಗೆ ದೊರೆತ ದಿನದಿಂದ 60 ದಿನದೊಳಗೆ ಲಿಖಿತವಾಗಿ ಸಚಿವಾಲಯಕ್ಕೆ ತಲುಪಿದ್ದಷ್ಟೇ ಲೆಕ್ಕಕ್ಕೆ ಬರುತ್ತದೆ. ಗ್ರಾಮ, ತಾಲೂಕು, ಕರಡಿನ ಯಾವ ಅಂಶಕ್ಕೆ ಆಕ್ಷೇಪ, ಏಕೆ, ಯಾವ ದಾಖಲೆ (ಪಹಣಿ, ನಕ್ಷೆ), ಸಹಿ, ದಿನಾಂಕ: ಇವಿಷ್ಟು ಇರಲಿ. ಅಂಚೆಯ ರಸೀದಿ ಜೋಪಾನ. ಅವಧಿ ನಡೆಯುತ್ತಿರುವಾಗಲೇ ಸಭೆ ಇಟ್ಟರೆ ಹೊರಗೆ ಒಂದು ಮೇಜು ಹಾಕಿ, ಅಲ್ಲೇ ಬರೆಸಿಕೊಡಿ. ಕಾಲೇಜಿನ ಕೈಯಲ್ಲಿ ಆಗುವ ದೊಡ್ಡ ಉಪಕಾರ ಅದೇ.

ಪ್ರಶ್ನೆ: ಏನು ಕೇಳಿದರೂ ಅಧಿಕಾರಿಗಳು ‘ಪರಿಶೀಲಿಸುತ್ತೇವೆ’ ಎಂದು ಕೂರುತ್ತಾರೆ. ಹೇಗೆ ಕೇಳಬೇಕು?
ಕಾಫಿ ಬೆಳೆಗಾರ, ಶಾಂತಳ್ಳಿ

ಉತ್ತರ: ‘ಭೂಕುಸಿತಕ್ಕೆ ಸರ್ಕಾರ ಏನು ಮಾಡುತ್ತಿದೆ?’ ಎಂದರೆ ಆ ಉತ್ತರವೇ ಬರುತ್ತದೆ. ‘2018ರ ಆಗಸ್ಟ್ ನಂತರ ನಮ್ಮ ಪಂಚಾಯಿತಿಯಲ್ಲಿ ಯಾವ ಇಳಿಜಾರುಗಳನ್ನು ಅಪಾಯಕಾರಿ ಎಂದು ಗುರುತಿಸಿದ್ದೀರಿ? ಪಟ್ಟಿ ಯಾವ ಕಚೇರಿಯಲ್ಲಿ ಸಿಗುತ್ತದೆ?’ ಎಂದು ಕೇಳಿ. ವರ್ಷ, ಜಾಗ, ಕಚೇರಿ ಹೆಸರಿಸಿದ ಪ್ರಶ್ನೆಗೆ ತಪ್ಪಿಸಿಕೊಳ್ಳುವುದು ಕಷ್ಟ. ಇನ್ನೂ ಒಳ್ಳೆಯದು, ಸಭೆಗೆ ಆರು ವಾರ ಮೊದಲೇ ಮಾಹಿತಿ ಹಕ್ಕು ಅರ್ಜಿ ಹಾಕುವುದು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಎರಡು ವಿಷಯ ಬೆರೆಸಿ ಅರ್ಜಿ ತಿರಸ್ಕೃತವಾಗುವುದು ಸಾಮಾನ್ಯ. ಉತ್ತರ ಬಾರದಿದ್ದರೆ, ಬಂದದ್ದು ಸರಿಯಿಲ್ಲದಿದ್ದರೆ 30 ದಿನದೊಳಗೆ ಮೇಲ್ಮನವಿ ಸಲ್ಲಿಸಿ. ಬಂದ ಕಾಗದ ಹಿಡಿದು ಸಭೆಗೆ ಹೋಗಿ, ಪುಟ ತೋರಿಸಿ ಕೇಳಿ.

ಪ್ರಶ್ನೆ: ಸಭೆಗೆ ಯಾವ ತಿಂಗಳು ಒಳ್ಳೆಯದು?
ವಿದ್ಯಾರ್ಥಿ ಸಂಘ, ಕುಶಾಲನಗರ

ಉತ್ತರ: ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣ ಮುಗಿದ ಮೇಲಿನಿಂದ ನವೆಂಬರ್ ಮಧ್ಯದವರೆಗೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಕರೆಂಟ್ ನಂಬುವಂತಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು, ಬೆಳೆಗಾರರೂ ಕಾರ್ಮಿಕರೂ ಬರಲಾರರು. ಅವರಿಲ್ಲದ ನೀತಿ ಚರ್ಚೆಗೆ ಅರ್ಥವಿಲ್ಲ. ಏಪ್ರಿಲ್-ಮೇ ಮದುವೆ, ಕೊಡವ ಕುಟುಂಬಗಳ ಹಾಕಿ ಹಬ್ಬದ ಕಾಲ. ಬೆಳಿಗ್ಗೆ ಹತ್ತೂವರೆಗೆ ಶುರು ಮಾಡಿ ಮಧ್ಯಾಹ್ನ ಒಂದಕ್ಕೆ ಮುಗಿಸಿದರೆ ಒಳಹಳ್ಳಿಯವರು ಬಸ್ಸಿಗೆ ಸಿಗುತ್ತಾರೆ.

ಪ್ರಶ್ನೆ: ಚುನಾವಣೆ ವೇಳೆ ಅಭ್ಯರ್ಥಿಗಳನ್ನು ಕಾಲೇಜಿಗೆ ಕರೆಯಬಹುದೇ?
ಓದುಗರು, ಸೋಮವಾರಪೇಟೆ

ಉತ್ತರ: ವೇಳಾಪಟ್ಟಿ ಪ್ರಕಟವಾದ ಕ್ಷಣದಿಂದ ಮಾದರಿ ನೀತಿ ಸಂಹಿತೆ ಜಾರಿ. ಆಮೇಲೆ ಚುನಾವಣಾಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಮುಂದುವರಿಯಬೇಡಿ. ಕರೆದರೆ ಎಲ್ಲ ಅಭ್ಯರ್ಥಿಗಳಿಗೂ ಒಂದೇ ದಿನ, ಒಂದೇ ಬಗೆಯ ಪತ್ರ, ಒಂದೇ ಅವಧಿ. ಮಾತಿನ ಸರದಿ ಚೀಟಿ ಎತ್ತಿ ನಿರ್ಧರಿಸಿ. ಮತದಾನ ಮುಗಿಯುವ ಗಂಟೆಗೆ ಹಿಂದಿನ 48 ಗಂಟೆಗಳಲ್ಲಿ ಚುನಾವಣೆ ಸಂಬಂಧದ ಸಾರ್ವಜನಿಕ ಸಭೆಗೆ ಪ್ರಜಾಪ್ರತಿನಿಧಿ ಕಾಯ್ದೆ 1951ರ 126ನೇ ಕಲಮಿನ ನಿಷೇಧವಿದೆ.