ಸಂಪಾದಕರ ಉತ್ತರ: ರಸ ಹಿಂಡುವ ಕೈಗೆ ಸಿಪ್ಪೆ ಸುಲಿಯುವುದು ಗೊತ್ತೇ?

"ಮಾನ್ಯ ಸಂಪಾದಕರೇ, ನಮ್ಮ ಮನೆಯವರಿಗೆ 61 ವರ್ಷ, ಬಿಪಿ ಇದೆ. ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಿ ಒಂದು ತಿಂಗಳಿಂದ ಬೆಳಗ್ಗೆ ಖಾಲಿ ಹೊಟ್ಟೆಗೆ ಅರ್ಧ ಲೋಟ ಈರುಳ್ಳಿ ರಸ ಕುಡಿಯುತ್ತಿದ್ದಾರೆ. ಬೇಯಿಸಿದರೆ ಸತ್ತ್ವವೆಲ್ಲ ಹೋಗುತ್ತದಂತೆ. ಮಾತ್ರೆ ನಿಲ್ಲಿಸುವ ಮಾತೂ ಶುರುವಾಗಿದೆ. ಮಳೆ ಹಿಡಿದ ಮೇಲೆ ಜ್ವರ ಬರಬಾರದೆಂದು ಹೆಚ್ಚಿದ ಈರುಳ್ಳಿಯನ್ನು ಮಂಚದ ಕೆಳಗಿಡುತ್ತಾರೆ. ಹಿಂಡಿದ ಚರಟ ನಾಯಿಯ ಅನ್ನಕ್ಕೆ. ಇದೆಲ್ಲ ಒಳ್ಳೆಯದೇ?"
— ಓದುಗರೊಬ್ಬರು, ನಾಪೋಕ್ಲು, ಕೊಡಗು

ಅಮ್ಮಾ, ಮೊದಲು ನಾಯಿ. ಇವತ್ತೇ ನಿಲ್ಲಿಸಿ. ಮನುಷ್ಯರಿಗೆ ರುಚಿ ಕೊಡುವ ಈರುಳ್ಳಿಯ ಗಂಧಕದ ಅಂಶಗಳೇ ನಾಯಿಯ ಹಿಮೋಗ್ಲೋಬಿನ್ ಕೆಡಿಸಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದೇಹದ ತೂಕದ ಒಂದು ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ಹೊಟ್ಟೆಗೆ ಹೋದರೆ ಸಾಕು. ಹತ್ತು ಕಿಲೋದ ನಾಯಿಗೆ ಎರಡು ಮೂರು ಗಡ್ಡೆ ಅಂತ ಲೆಕ್ಕ ಹಿಡಿಯಿರಿ. ಒಂದೇ ಸಲ ತಿನ್ನಬೇಕೆಂದಿಲ್ಲ, ದಿನಾ ಸ್ವಲ್ಪ ಸ್ವಲ್ಪ ಹೋದರೂ ಕೆಲಸ ಕೆಡುತ್ತದೆ. ಬೇಯಿಸಿದರೆ ವಿಷ ಇಳಿಯುವುದೂ ಇಲ್ಲ. ಹಾಗಾಗಿ ಮಿಕ್ಕ ಪಂದಿಕರಿಯ ಗೊಜ್ಜನ್ನು ಅನ್ನಕ್ಕೆ ಕಲಸಿ ಹಾಕುವ ನಮ್ಮ ಊರಿನ ಪ್ರೀತಿಯೂ ಬೇಡ. ಬೆಕ್ಕಿಗೆ ಇನ್ನೂ ಕಡಿಮೆ ಸಾಕು. ನಾಯಿ ಮಂಕಾಗಿ ಮಲಗಿದ್ದರೆ, ಒಸಡು ಬಿಳಿಚಿದ್ದರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಲಕ್ಷಣ ಕಾಣಲು ಕೆಲವು ದಿನ ಹಿಡಿಯುತ್ತದೆ. "ನಿನ್ನೆ ಏನೂ ಆಗಲಿಲ್ಲವಲ್ಲ" ಎಂಬ ಧೈರ್ಯ ಕೆಲಸಕ್ಕೆ ಬಾರದು.

ಇನ್ನು ಯಜಮಾನರು.

ಹಸಿ ಪಕ್ಷದವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಈರುಳ್ಳಿಯ ಒಳಗೆ ಗಂಧಕದ ಅಂಶ ಒಂದು ಕೋಣೆಯಲ್ಲಿ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕೋಣೆಯಲ್ಲಿ ಇರುತ್ತವೆ. ಚಾಕು ಬಿದ್ದಾಗ ಗೋಡೆ ಒಡೆದು ಎರಡೂ ಸೇರುತ್ತವೆ. ಘಾಟು, ಕಣ್ಣೀರು ಎಲ್ಲವೂ ಆಮೇಲಿನ ಕತೆ. ಕಣ್ಣೀರಿಗೆಂದೇ ಬೇರೊಂದು ಕಿಣ್ವವಿದೆ ಎಂದು ಜಪಾನಿನ ವಿಜ್ಞಾನಿಗಳು 2002ರಲ್ಲಿ ತೋರಿಸಿಕೊಟ್ಟರು. ಬಿಸಿ ತಾಗಿದರೆ ಈ ಕಿಣ್ವಗಳು ಸುಮ್ಮನಾಗುತ್ತವೆ, ನಿಜ. ಹಸಿಯಾಗಿ ತಿನ್ನುವವರು ಹೆಚ್ಚಿ ಹತ್ತು ನಿಮಿಷ ಬಿಟ್ಟು, ಅರ್ಧ ಗಡ್ಡೆಯಷ್ಟನ್ನು ಮೊಸರುಬಜ್ಜಿಯಲ್ಲೋ ಅಕ್ಕಿ ಒಟ್ಟಿಯ ಜೊತೆಗೋ ತಿನ್ನಲಿ. ಅಷ್ಟಕ್ಕೆ ಅವರಿಗೆ ನಮಸ್ಕಾರ.

ಆದರೆ ಯಜಮಾನರು ಬಿಪಿಗೆಂದು ನಂಬಿಕೊಂಡಿರುವ ವಸ್ತು ಆ ಘಾಟಲ್ಲ. ಅದರ ಹೆಸರು ಕ್ವೆರ್ಸೆಟಿನ್, ಗಿಡಗಳಲ್ಲಿ ಸಿಗುವ ಒಂದು ಅಂಶ. ಅದು ಇರುವ ಜಾಗ ಯಾವುದು ಗೊತ್ತೇ? ನೀವು ತಿಪ್ಪೆಗೆ ಎಸೆಯುವ ಒಣಸಿಪ್ಪೆಯಲ್ಲಿ ಅತಿ ಹೆಚ್ಚು, ಅದರ ಕೆಳಗಿನ ಮೊದಲ ರಸಭರಿತ ಪದರದಲ್ಲಿ ಅದಕ್ಕಿಂತ ಕಡಿಮೆ, ಒಳಗೊಳಗೆ ಹೋದಂತೆ ಇನ್ನೂ ಕಡಿಮೆ. ಬಿಳಿ ಈರುಳ್ಳಿಯಲ್ಲಂತೂ ಇಲ್ಲವೆನ್ನುವಷ್ಟು. ಜರ್ಮನಿಯಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ದಿನಕ್ಕೆ 162 ಮಿಲಿಗ್ರಾಂ ಕ್ವೆರ್ಸೆಟಿನ್ ಅನ್ನು ಆರು ವಾರ ಕೊಟ್ಟಾಗ, ಬಿಪಿ ಇದ್ದವರ 24 ಗಂಟೆಯ ಅಳತೆಯಲ್ಲಿ ಮೇಲಿನ ಅಂಕಿ 3.6ರಷ್ಟು ಇಳಿಯಿತು. ಈರುಳ್ಳಿ ಪಂಥದವರು ಕುಣಿದಾಡುವುದು ಇಂಥ ಸುದ್ದಿಗೇ. ಆ ಕ್ವೆರ್ಸೆಟಿನ್ ತೆಗೆದದ್ದು ಸಿಪ್ಪೆಯಿಂದ ಎಂಬ ಸಾಲನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಕೆಂಪು ಈರುಳ್ಳಿಯ 100 ಗ್ರಾಮಿನಲ್ಲಿ 20ರಿಂದ 40 ಮಿಲಿಗ್ರಾಂ ಇರುತ್ತದೆಂದು ಹಿಡಿದರೂ 162 ಮುಟ್ಟಲು ದಿನಕ್ಕೆ 400 ಗ್ರಾಮಿಗೆ ಕಡಿಮೆಯಿಲ್ಲದೆ ತಿನ್ನಬೇಕು. ಯಜಮಾನರ ಅರ್ಧ ಲೋಟಕ್ಕೆ ಎರಡು ಗಡ್ಡೆ ಹಿಡಿಸುತ್ತದೆ. ಸಿಪ್ಪೆ ತಿಪ್ಪೆಗೆ, ನಾರು ನಾಯಿಗೆ, ಅವರ ಪಾಲಿಗೆ ಘಾಟು ಮತ್ತು ನೀರು. ಖಾಲಿ ಹೊಟ್ಟೆಗೆ ಬಿದ್ದ ಆ ಘಾಟು, ಎದೆಯುರಿ ಇರುವವರಲ್ಲಿ ಹುಳಿತೇಗು ಹೆಚ್ಚಿಸುತ್ತದೆ.

ಮಾತ್ರೆ ಮಾತ್ರ ಬಿಡಕೂಡದು. 3.6 ಎಂಬ ಅಂಕಿ ಮಾತ್ರೆಯ ಬದಲಿಗೆ ನಿಲ್ಲುವಂಥದ್ದಲ್ಲ. ಒಂದು ವಾರ ಬೆಳಗ್ಗೆ, ಸಂಜೆ ಐದು ನಿಮಿಷ ಕುಳಿತು ಬಿಪಿ ಅಳೆದು, ಬರೆದಿಟ್ಟು ಡಾಕ್ಟರಿಗೆ ತೋರಿಸಿ.

ಹಾಗಾದರೆ ಬೇಯಿಸಿದರೆ ಸತ್ತ್ವ ಹೋಗುವುದಿಲ್ಲವೇ? ಕ್ವೆರ್ಸೆಟಿನ್ ಬಿಸಿಗೆ ಸುಲಭವಾಗಿ ಬಗ್ಗುವುದಿಲ್ಲ. ಕುದಿಸಿದಾಗ ಒಂದು ಪಾಲು ನೀರಿಗೆ ಇಳಿಯುತ್ತದೆ. ನೀರು ಬಸಿದು ಚೆಲ್ಲುವವರಿಗೆ ಅದು ನಷ್ಟ, ಸಾರು ಉಣ್ಣುವ ನಮಗೇನು ನಷ್ಟ? ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಬಾಡಿಸಿದ ಈರುಳ್ಳಿ ಹೊನ್ನಿನ ಬಣ್ಣಕ್ಕೆ ಬಂದಾಗ ಉಪ್ಪೋ ನೀರೋ ಬೀಳಲಿ. ಕಪ್ಪಾಗುವ ತನಕ ಹುರಿದರೆ ಕಹಿಯೂ ಬರುತ್ತದೆ, ಒಳ್ಳೆಯದೂ ಸುಡುತ್ತದೆ. ನಮ್ಮ ಪಂದಿಕರಿಗೆ ಒಂದು ಕಿಲೋ ಮಾಂಸಕ್ಕೆ ಕಾಲು ಕಿಲೋ ಸಣ್ಣ ಈರುಳ್ಳಿಯನ್ನು ಶುಂಠಿ, ಬೆಳ್ಳುಳ್ಳಿ ಜೊತೆ ಜಜ್ಜಿ ಹಾಕಿ, ಮಾಂಸದ ಕೊಬ್ಬಿನಲ್ಲೇ ಬಾಡಿಸಿ, ಕೊನೆಗೆ ಕಾಚಂಪುಳಿ (ನಮ್ಮ ಕಡೆಯ ಗಟ್ಟಿ ಕಪ್ಪು ಹುಳಿ) ಬಿಡುತ್ತಾರೆ. ಒಂದು ಹನಿಯೂ ಚರಂಡಿಗೆ ಹೋಗುವುದಿಲ್ಲ. ಕೊಬ್ಬಿನ ಲೆಕ್ಕ ಬೇರೆ, ಅದನ್ನು ಇಲ್ಲಿ ಎಳೆಯಬೇಡಿ.

ಈರುಳ್ಳಿ ಹೃದಯಕ್ಕೆ ಒಳ್ಳೆಯದೆಂಬ ನಂಬಿಕೆಗೆ ಒಂದು ಬೇರು ಎಲ್ಲಿ ಎಂದರೆ ಹಾಲೆಂಡಿನ ಜುಟ್‌ಫೆನ್ ಊರಿನ 805 ಮುದುಕರನ್ನು ಗಮನಿಸಿ 1993ರಲ್ಲಿ ಪ್ರಕಟಿಸಿದ ವರದಿಯನ್ನು ಹೆಸರಿಸಬೇಕು. ಟೀ, ಈರುಳ್ಳಿ, ಸೇಬಿನಿಂದ ಕ್ವೆರ್ಸೆಟಿನ್ ಜಾತಿಯ ಅಂಶಗಳನ್ನು ಹೆಚ್ಚು ಪಡೆದವರಲ್ಲಿ ಹೃದಯಾಘಾತದ ಸಾವು ಕಡಿಮೆ ಕಂಡಿತ್ತು. ನಾಲ್ಕು ವರ್ಷದ ಬಳಿಕ ವೇಲ್ಸಿನ ಕೇರ್ಫಿಲಿಯಲ್ಲಿ ನೋಡಿದರೆ ಆ ಲಾಭ ಕಾಣಲಿಲ್ಲ. ಎರಡೂ ಕಡೆ ಯಾರೂ ರಸ ಹಿಂಡಿ ಕುಡಿದವರಲ್ಲ, ಊಟದಲ್ಲಿ ತಿಂದವರು. ವಿಟಮಿನ್ ಸಿ ಬೇಕೆಂದು ಈರುಳ್ಳಿ ಹಿಂಡುವವರಿಗೆ ಹೇಳಿ: 100 ಗ್ರಾಮಿನಲ್ಲಿ ಇರುವುದು 7 ಮಿಲಿಗ್ರಾಂ ಆಸುಪಾಸು. ಹಿತ್ತಿಲ ಸೀಬೆಯಲ್ಲಿ 200ಕ್ಕೂ ಮೇಲೆ.

ಈಗ ಚಾಕು ಹಿಡಿಯೋಣ. ಈರುಳ್ಳಿಯ ತುದಿ ಕತ್ತರಿಸಿ, ಬೇರಿನ ಕಡೆ ಹಾಗೆಯೇ ಬಿಟ್ಟು, ಉದ್ದಕ್ಕೆ ಎರಡು ಹೋಳು ಮಾಡಿ. ಕತ್ತರಿಸಿದ ಅಂಚಿನಿಂದ ಉಗುರು ತೂರಿಸಿದರೆ ಕಾಗದದಂಥ ಸಿಪ್ಪೆ ಒಂದೇ ಎಳೆತಕ್ಕೆ ಬರುತ್ತದೆ, ಕೆಳಗಿನ ನೇರಳೆ ಪದರ ಅಲ್ಲೇ ಉಳಿಯುತ್ತದೆ. ಇಡೀ ಗಡ್ಡೆಯನ್ನು ಹಿಡಿದು ಸುಲಿಯುವವರು ಅವಸರಕ್ಕೆ ಆ ನೇರಳೆ ಪದರವನ್ನೂ ಕಿತ್ತು ಎಸೆಯುತ್ತಾರೆ. ಮಳೆಗಾಲದಲ್ಲಿ ಸಿಪ್ಪೆ ತಂಡಿ ಹಿಡಿದು ಮೆತ್ತಗಾಗಿ ಅಂಟಿಕೊಳ್ಳುವುದರಿಂದ ಈ ತಪ್ಪು ನಮ್ಮಲ್ಲೇ ಜಾಸ್ತಿ. ಸಣ್ಣ ಈರುಳ್ಳಿಯಾದರೆ ಉಗುರುಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಹಿಸುಕಿದರೆ ಜಾರಿಬರುತ್ತದೆ. ಒಣಸಿಪ್ಪೆಯನ್ನೂ ಬಿಡಬೇಡಿ. ಚೆನ್ನಾಗಿ ತೊಳೆದು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಳೆಸಾರಿಗೆ ಇಳಿಬಿಟ್ಟು, ಕುದಿದ ಮೇಲೆ ಗಂಟು ತೆಗೆಯಿರಿ. ಕಪ್ಪು ಪುಡಿ ಹಿಡಿದ ಸಿಪ್ಪೆ ಮಾತ್ರ ಬೇಡ.

ಆ ಕಪ್ಪು ಪುಡಿ ಒಂದು ಜಾತಿಯ ಬೂಷ್ಟು. ತೊಳೆದು, ಮುಟ್ಟಿದ ಪದರ ತೆಗೆದು ಉಳಿದದ್ದನ್ನು ಬಳಸಬಹುದು. ಉಬ್ಬಸ ಇರುವವರು ಮನೆಯೊಳಗೆ ಕೊಡವದಿದ್ದರಾಯಿತು. 2021ರಲ್ಲಿ ಇದನ್ನೇ ತೋರಿಸಿ "ಬ್ಲ್ಯಾಕ್ ಫಂಗಸ್ ಈರುಳ್ಳಿಯಿಂದ ಬರುತ್ತದೆ" ಎಂದು ಹೆದರಿಸಿದ್ದೂ ಇದೇ ವಾಟ್ಸಾಪು. ಒಂದು ಮಳೆಗಾಲಕ್ಕೆ ಸಂಜೀವಿನಿ, ಇನ್ನೊಂದಕ್ಕೆ ಯಮ! ಮಂಚದ ಕೆಳಗಿನ ಹೋಳೂ ಅದೇ ಕಾರ್ಖಾನೆಯ ಮಾಲು. ರೋಗವೆಲ್ಲ ಕೆಟ್ಟ ಗಾಳಿಯಿಂದ ಬರುತ್ತದೆಂದು ಯೂರೋಪು ನಂಬಿದ್ದ ಕಾಲದ ಹಳಸಲು. ಈರುಳ್ಳಿ ವೈರಸ್ಸನ್ನು ಹೀರುವುದಿಲ್ಲ. ಜ್ವರ ಎರಡು ದಿನ ಬಿಡದಿದ್ದರೆ ಇಲಿಜ್ವರವೋ ಡೆಂಗಿಯೋ ಎಂದು ರಕ್ತಪರೀಕ್ಷೆ ಮಾಡಿಸಿ.

ಈರುಳ್ಳಿ ತಿಂದರೆ ಹೊಟ್ಟೆ ಉಬ್ಬರಿಸುವವರೂ ನಿಮ್ಮ ಮನೆಯಲ್ಲಿರಬಹುದು. ಅದಕ್ಕೆ ಕಾರಣ ಫ್ರಕ್ಟಾನ್ ಎಂಬ ನಾರು. ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಅದು ಹಬ್ಬದೂಟ, ಸೂಕ್ಷ್ಮ ಹೊಟ್ಟೆಯವರಿಗೆ ಗ್ಯಾಸು. ಅದು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗದು. ದೊಡ್ಡ ಹೋಳುಗಳನ್ನು ಎಣ್ಣೆಯಲ್ಲಿ ಬಾಡಿಸಿ, ನೀರು ಹಾಕುವ ಮೊದಲೇ ಹೋಳು ಎತ್ತಿಟ್ಟರೆ ಅವರಿಗೂ ಘಮ ಸಿಗುತ್ತದೆ.

ನನ್ನ ನಿಜವಾದ ತಕರಾರು ನಿಮ್ಮ ಯಜಮಾನರ ಮೇಲಲ್ಲ. ಅಕ್ಕಿಯನ್ನು ಬೆಳ್ಳಗೆ ಪಾಲಿಶ್ ಮಾಡಿಸಿ, ತೌಡನ್ನು ಹಂದಿಗೆ ಹಾಕಿ, ಮೆಡಿಕಲ್ ಶಾಪಿನಿಂದ ಬಿ ಕಾಂಪ್ಲೆಕ್ಸ್ ತರುವವರು ನಾವು. ಹಂದಿಯೇ ವಾಸಿ. ಈರುಳ್ಳಿಯ ಕತೆಯೂ ಹಾಗೇ ಆಗುತ್ತಿದೆ. ಸುಲಿದದ್ದು, ಹೆಚ್ಚಿದ್ದು, ಕರಿದದ್ದು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಹೊರಪದರ ಕಿತ್ತವರೇ ಅದರ ಸಾರವನ್ನು ಕ್ಯಾಪ್ಸೂಲಿನಲ್ಲಿ ಮಾರುತ್ತಾರೆ. ಪ್ರವಾಸಿಗಳಿಗೆ ಸಣ್ಣ ಗ್ಲಾಸಿನಲ್ಲಿ ಬಣ್ಣಬಣ್ಣದ ರಸ ಕೊಟ್ಟು "ವೆಲ್‌ನೆಸ್" ಎನ್ನುವ ಹೋಂಸ್ಟೇಗಳೂ ಎದ್ದಿವೆ. ಅಡುಗೆಮನೆಯಲ್ಲಿ ಬೈಂಬಳೆ (ಕಳಲೆ) ಕರಿ ಕುದಿಯುತ್ತಿದ್ದರೂ ಅದನ್ನು ಆರೋಗ್ಯ ಎಂದು ಕರೆಯಲು ನಮಗೆ ನಾಚಿಕೆ!

ಕೊನೆಗೆ, ನೀವು ಕೇಳದಿದ್ದರೂ: ಕರ್ಕಾಟಕದ ಮಳೆಗೆ ಹತ್ತು ಕಿಲೋ ಚೀಲ ತರಬೇಡಿ, ಎರಡು ಕಿಲೋ ಸಾಕು. ಪ್ಲಾಸ್ಟಿಕ್ ಚೀಲ, ಫ್ರಿಜ್ಜು, ಆಲೂಗಡ್ಡೆಯ ನೆರೆ ಮೂರೂ ಕೂಡದು. ತೇವ ನಿಂತು ಮೊಳಕೆ ಬರುತ್ತದೆ, ಇಲ್ಲವೇ ಕೊಳೆಯುತ್ತದೆ. ಬಿದಿರಿನ ಬುಟ್ಟಿಯಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಸೇರಿಸಿ. ಒಲೆ ಇಲ್ಲದ ಮನೆಯಲ್ಲಿ ಗಾಳಿಯಾಡುವ ಕಡೆ ಬುಟ್ಟಿ ತೂಗುಹಾಕಿ. ಮೊಳಕೆ ಬಂದದ್ದು ವಿಷವಲ್ಲ, ಹಸಿರು ತುದಿ ಸಮೇತ ಒಗ್ಗರಣೆಗೆ ಹಾಕಿ. ಹೆಚ್ಚಿ ಉಳಿದದ್ದು ಮುಚ್ಚಿದ ಡಬ್ಬಿಯಲ್ಲಿ, ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ಸಂತೆಯಲ್ಲಿ ಕೊಳ್ಳುವಾಗ ಗಡ್ಡೆಯ ಹೊಟ್ಟೆ ಒತ್ತಬೇಡಿ, ಕತ್ತು ಒತ್ತಿ. ಕೊಳೆ ಇಳಿಯುವುದು ಅಲ್ಲಿಂದಲೇ. ಬೆರಳು ಒಳಗೆ ಹೋದರೆ, ಮೇಲೆ ಎಷ್ಟೇ ಮಿಂಚಲಿ, ವಾಪಸು ರಾಶಿಗೆ ಹಾಕಿ.

— ಸಂ.