ಟರ್ಬೊ ಪಿಕಪ್‌ಗೆ ನಿಜವಾಗಿ ಎಷ್ಟು ಮೈಲೇಜ್ ಬರುತ್ತದೆ?

ನಿಮ್ಮ ಪ್ರಶ್ನೆ ಇದು: ಡಲ್ಲಾಸ್‌ಗೆ ಹೊಸದಾಗಿ ಬಂದಿದ್ದೀರಿ. 2018ರ ಫೋರ್ಡ್ ಎಫ್-150 ಸೆಕೆಂಡ್ ಹ್ಯಾಂಡ್ ಒಂದನ್ನು ನೋಡಿಟ್ಟಿದ್ದೀರಿ, 2.7 ಲೀಟರ್ ಇಕೋಬೂಸ್ಟ್, ಅಂದರೆ ಫೋರ್ಡ್‌ನ ಟರ್ಬೊ ಪೆಟ್ರೋಲ್ ಎಂಜಿನ್. ಸ್ಟಿಕರ್‌ನಲ್ಲಿ ಸಿಟಿ 20, ಹೈವೇ 26 ಮೈಲಿ ಅಂತ ಇದೆ. ಗ್ಯಾಲನ್‌ಗೆ ಅಷ್ಟು ನಿಜವಾಗಿ ಸಿಗುತ್ತದಾ, ಇಲ್ಲಾ ಟರ್ಬೊ ಇಲ್ಲದ, ಎಂಟು ಸಿಲಿಂಡರಿನ ವಿ8 ತಗೊಳ್ಳುವುದೇ ಮೇಲಾ?

ಅದೇ ವರ್ಷದ, ಅದೇ ಎಂಜಿನ್ನಿನ ಗಾಡಿಯನ್ನು ನಾನು ಆರು ವರ್ಷದಿಂದ ಓಡಿಸುತ್ತಿದ್ದೇನೆ. ಟೂ ವೀಲ್ ಡ್ರೈವ್, ನಾಲ್ಕು ಬಾಗಿಲು. ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗಲೂ ಗ್ಲವ್ ಬಾಕ್ಸ್‌ನಲ್ಲಿರುವ ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಇದು ಅಪ್ಪನಿಂದ ಬಂದ ಅಭ್ಯಾಸ. ಅವರು ಅರಸೀಕೆರೆಯಲ್ಲಿ ತೆಂಗಿನಕಾಯಿ ಸಾಗಿಸುವ ಪಿಕಪ್‌ಗೆ ಹೀಗೇ ಲೆಕ್ಕ ಇಡುತ್ತಿದ್ದರು. ನನ್ನ ಪುಸ್ತಕದ ಒಟ್ಟು ಸರಾಸರಿ ಗ್ಯಾಲನ್‌ಗೆ 19.6 ಮೈಲಿ. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 8.3 ಕಿಲೋಮೀಟರ್. ಸ್ಟಿಕರ್‌ನ ಸಿಟಿ-ಹೈವೇ ಸೇರಿದ ಅಂಕಿ 22, ಅಂದರೆ ಸುಮಾರು 9.4. ಹಾಗಾಗಿ ಹತ್ತರಲ್ಲಿ ಒಂದು ಪಾಲು ಕಡಿಮೆ ಅಂತ ಇಟ್ಟುಕೊಳ್ಳಿ.

ಆದರೆ ಈ ಸರಾಸರಿಯನ್ನು ನಂಬಿ ಗಾಡಿ ತಗೊಳ್ಳಬೇಡಿ. ಅದರ ಒಳಗೆ ಬಹಳ ಏರಿಳಿತ ಇದೆ. ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಆಫೀಸಿಗೆ ಹೋಗಿ ಬರುವ ವಾರ 17ರಿಂದ 18. ಹೈವೇಯಲ್ಲಿ ಗಂಟೆಗೆ 65 ಮೈಲಿಗೆ ಕ್ರೂಸ್ ಹಾಕಿ ಒಬ್ಬನೇ ಹೋದರೆ 24, ಒಳ್ಳೆಯ ದಿನ 25. ಅದೇ ರಸ್ತೆಯಲ್ಲಿ 78ಕ್ಕೆ ಹೋದರೆ 20. ಟ್ರೈಲರ್ ಕಟ್ಟಿದರೆ 9.5. ಒಂದೇ ಗಾಡಿ, ಒಂದೇ ಡ್ರೈವರ್. 25 ಎಲ್ಲಿ, 9.5 ಎಲ್ಲಿ! ನೀವು ಈ ನಾಲ್ಕರಲ್ಲಿ ಯಾವುದನ್ನು ಜಾಸ್ತಿ ಮಾಡುತ್ತೀರಿ ಅನ್ನುವುದರ ಮೇಲೆ ನಿಮ್ಮ ಉತ್ತರ ನಿಂತಿದೆ.

ಸ್ಟಿಕರ್ ಸುಳ್ಳು ಹೇಳುತ್ತದೆ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಊರಲ್ಲಿ ಗಾಡಿ ಪರೀಕ್ಷಿಸುವ ಎಆರ್‌ಎಐ ಸಂಸ್ಥೆಯ ಅಂಕಿ ಇದ್ದ ಹಾಗೆ ಇಲ್ಲಿ ಸರ್ಕಾರದ ಪರಿಸರ ಸಂಸ್ಥೆ ಇಪಿಎಯ ಅಂಕಿ. ಗಾಡಿಯನ್ನು ಲ್ಯಾಬಿನಲ್ಲಿ ರೋಲರ್ ಮೇಲೆ ಓಡಿಸಿ ಅಳೆಯುತ್ತಾರೆ. ಹಳೆಯ ಹೈವೇ ಪರೀಕ್ಷೆಯ ಸರಾಸರಿ ವೇಗ ಗಂಟೆಗೆ 48 ಮೈಲಿ, 60 ದಾಟುವುದೇ ಇಲ್ಲ. 2008ರ ಮಾಡೆಲ್‌ಗಳಿಂದ 80 ಮೈಲಿ ಮುಟ್ಟುವ ಜೋರಿನ ಓಟ, ಎಸಿ ಹಾಕಿದ ಓಟ, ಚಳಿಯ ಓಟ ಇವನ್ನೂ ಲೆಕ್ಕಕ್ಕೆ ತಂದು ಅಂಕಿಯನ್ನು ಇಳಿಸಿದ್ದಾರೆ. ಆದರೂ ಮೆತ್ತಗೆ ಓಡಿಸಿದ ಪಾಲೇ ಜಾಸ್ತಿ. ಇನ್ನೊಂದು ವಿಷಯ: ಆ ಪರೀಕ್ಷೆಯ ಪೆಟ್ರೋಲ್‌ನಲ್ಲಿ ಎಥನಾಲ್ ಇರಲಿಲ್ಲ. ಇಲ್ಲಿ ಬಂಕ್‌ನಲ್ಲಿ ಸಿಗುವುದು ಸಾಮಾನ್ಯವಾಗಿ 10% ಎಥನಾಲ್ ಬೆರೆಸಿದ್ದು. ಅದರಲ್ಲಿ ಶಕ್ತಿ ಸುಮಾರು 3% ಕಡಿಮೆ. ಅರ್ಧ ಮೈಲಿಗಿಂತ ಜಾಸ್ತಿ ಅಲ್ಲೇ ಹೋಯಿತು.

ಈಗ ಟರ್ಬೊ ವಿಷಯಕ್ಕೆ ಬರೋಣ. ಲ್ಯಾಬಿನ ಆ ಮೆತ್ತನೆಯ ಓಟ ಸಣ್ಣ ಟರ್ಬೊ ಎಂಜಿನ್‌ಗೆ ಹೇಳಿ ಮಾಡಿಸಿದ ಹಾಗಿರುತ್ತದೆ. 2.7 ಲೀಟರ್ ಎಂಜಿನ್ ಹೆಚ್ಚು ಹೊತ್ತು ಸಣ್ಣ ಎಂಜಿನ್ನಾಗಿಯೇ ಕೆಲಸ ಮಾಡುತ್ತದೆ, ಟರ್ಬೊಗೆ ಅಷ್ಟು ಕೆಲಸ ಬೀಳುವುದಿಲ್ಲ. ಕಾಲು ಒತ್ತಿದಿರಿ ಅಂದರೆ ಕಥೆ ಬೇರೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ, ಅದಕ್ಕೆ ತಕ್ಕ ಪೆಟ್ರೋಲ್ ಹೋಗಲೇಬೇಕು. ಇಷ್ಟು ಎಲ್ಲರಿಗೂ ಗೊತ್ತು. ಜಾಸ್ತಿ ಜನ ಗಮನಿಸದೆ ಇರುವುದು ಮುಂದಿನದು. ಒತ್ತಡ ಏರಿದಾಗ ಸಿಲಿಂಡರ್ ಒಳಗೆ ಮಿಶ್ರಣ ಅವಧಿಗೆ ಮುಂಚೆ ಹೊತ್ತಿಕೊಳ್ಳುವ ಅಪಾಯ ಇರುತ್ತದೆ. ಅದನ್ನು ತಡೆಯಲು ಕಂಪ್ಯೂಟರ್ ಕಿಡಿಯನ್ನು ತಡವಾಗಿ ಕೊಡುತ್ತದೆ. ಆಗ ಅದೇ ಪೆಟ್ರೋಲ್‌ಗೆ ಕೆಲಸ ಕಡಿಮೆ, ಹೊಗೆಯ ಬಿಸಿ ಜಾಸ್ತಿ. ಆ ಬಿಸಿಯಿಂದ ಟರ್ಬೊ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟು ಹೋಗಬಾರದು ಅಂತ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಈ ಹೆಚ್ಚಿನ ಪೆಟ್ರೋಲ್‌ಗೆ ಉರಿಯಲು ಸಾಕಷ್ಟು ಗಾಳಿಯೇ ಇರುವುದಿಲ್ಲ. ಅದನ್ನು ಹಾಕುವುದು ತಂಪು ಮಾಡುವುದಕ್ಕೆ ಮಾತ್ರ.

ಊರಿನ ಪಿಕಪ್ ಅನುಭವ ಇಲ್ಲಿ ದಾರಿ ತಪ್ಪಿಸುವುದು ಇದಕ್ಕೇ. ಅಲ್ಲಿನ ಟರ್ಬೊ ಪಿಕಪ್‌ಗಳು ಹೆಚ್ಚಾಗಿ ಡೀಸೆಲ್. ಡೀಸೆಲ್ ಎಂಜಿನ್‌ನಲ್ಲಿ ಯಾವಾಗಲೂ ಗಾಳಿ ಬೇಕಾದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ತಂಪು ಮಾಡಲು ಎಣ್ಣೆ ಸುರಿಯುವ ಕೆಲಸ ಇಲ್ಲ. ಅದಕ್ಕೇ ಲೋಡ್ ಹಾಕಿದಾಗ ಮೈಲೇಜ್ ಇಳಿದರೂ ಹೀಗೆ ಪಾತಾಳಕ್ಕೆ ಬೀಳುವುದಿಲ್ಲ. ಅಪ್ಪನಿಗೆ ಫೋನಿನಲ್ಲಿ ನನ್ನ 9.5ರ ಲೆಕ್ಕ ಹೇಳಿದಾಗ, ‘ಲೀಟರಿಗೆ ನಾಲ್ಕಾ? ಟ್ಯಾಂಕ್ ಸೋರ್ತಾ ಇದೆಯೇನೋ ನೋಡೋ’ ಅಂದರು.

ಆ 9.5 ಬಂದ ದಿನದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಪಶ್ಚಿಮ ಟೆಕ್ಸಾಸ್‌ನ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನ ನೋಡಲು ಮಾರ್ಚ್‌ನಲ್ಲಿ ಹೊರಟಿದ್ದೆವು. ಗೆಳೆಯರ ಟ್ರಾವೆಲ್ ಟ್ರೈಲರ್ ಹಿಂದೆ ಕಟ್ಟಿದ್ದೆ, ಸುಮಾರು 5,000 ಪೌಂಡ್ ತೂಕ, ಎತ್ತರದ ಬಿಳಿ ಪೆಟ್ಟಿಗೆ. ಐ-20 ಹೈವೇ ಹಿಡಿದು ಪಶ್ಚಿಮಕ್ಕೆ. ಸ್ವೀಟ್‌ವಾಟರ್ ಹತ್ತಿರ ಎಲ್ಲಿ ನೋಡಿದರೂ ಗಾಳಿಯಂತ್ರಗಳು. ಅಲ್ಲಿ ಗಾಳಿ ಬೀಸುತ್ತದೆ ಅಂತ ತಾನೇ ಅವನ್ನು ನೆಟ್ಟಿರುವುದು? ಅವತ್ತು ಅದು ನೇರ ನಮ್ಮ ಮುಖಕ್ಕೇ ಬೀಸುತ್ತಿತ್ತು. ನಾನು ಹೋಗುತ್ತಿದ್ದುದು 65ರಲ್ಲಿ. ಟರ್ಬೊ ಒತ್ತಡ ತೋರಿಸುವ, ಡ್ಯಾಶ್‌ಬೋರ್ಡಿನ ಬೂಸ್ಟ್ ಗೇಜ್ ಗಂಟೆಗಟ್ಟಲೆ ಸೊನ್ನೆಗೆ ಇಳಿಯಲೇ ಇಲ್ಲ. ಗೇರ್ 10ರಿಂದ 7ಕ್ಕೆ, ಮತ್ತೆ 8ಕ್ಕೆ, ಮತ್ತೆ 7ಕ್ಕೆ. ನೆಲ ಚಪ್ಪಟೆ ಅನ್ನಿಸುತ್ತದೆ, ಆದರೆ ಡಲ್ಲಾಸ್ ಸುಮಾರು 430 ಅಡಿ ಎತ್ತರದಲ್ಲಿದೆ, ದಾರಿಯಲ್ಲಿ ಸಿಗುವ ಮಿಡ್‌ಲ್ಯಾಂಡ್ ಸುಮಾರು 2,800 ಅಡಿ. ದಿನವಿಡೀ ಮೆಲ್ಲಗೆ ಹತ್ತುತ್ತಲೇ ಇದ್ದೆವು. 160 ಮೈಲಿಗೊಮ್ಮೆ ಬಂಕ್ ಹುಡುಕಬೇಕಾಯಿತು. ವಾಪಸ್ ಬರುವಾಗ ಅದೇ ಟ್ರೈಲರ್, ಅದೇ ವೇಗ, ಗಾಳಿ ಬೆನ್ನಿಗೆ, ನೆಲ ಇಳಿಜಾರು. 12.1 ಬಂತು.

ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 60ರಿಂದ 75ಕ್ಕೆ ಹೋದರೆ ವೇಗ ಕಾಲು ಭಾಗ ಜಾಸ್ತಿ, ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ. 75ರಲ್ಲಿ ಹೋಗುವಾಗ ಎದುರಿಂದ 20 ಮೈಲಿ ಗಾಳಿ ಬಂದರೆ ಗಾಡಿಗೆ ಅದು 95ರ ಗಾಳಿ. ಪಿಕಪ್‌ನ ಮುಖ ಗೋಡೆಯ ಹಾಗೆ ದೊಡ್ಡದು, ಕಾರಿಗಿಂತ ಇದಕ್ಕೆ ಹೊಡೆತ ಜೋರು. ಟ್ರೈಲರ್‌ನಲ್ಲೂ ಹೈವೇ ವೇಗಕ್ಕೆ ತೂಕಕ್ಕಿಂತ ಎತ್ತರವೇ ಮೈಲೇಜ್ ತಿನ್ನುತ್ತದೆ. ತಗ್ಗಿನ ಟ್ರೈಲರ್‌ನಲ್ಲಿ ಅಷ್ಟೇ ತೂಕದ ಮಣ್ಣು ಎಳೆದಾಗ ನನಗೆ 13 ಬಂದಿತ್ತು.

ಮೈಲೇಜ್ ಅಳೆಯಲು ಡ್ಯಾಶ್‌ಬೋರ್ಡಿನ ಅಂಕಿ ನೋಡಬೇಡಿ. ಯಾವ ಗಾಡಿಯಲ್ಲೇ ಆಗಲಿ ಅದು ಅಂದಾಜು, ಸ್ವಲ್ಪ ಜಾಸ್ತಿ ತೋರಿಸುವುದೇ ಹೆಚ್ಚು. ಟ್ಯಾಂಕ್ ಟು ಟ್ಯಾಂಕ್ ಮಾಡಿ. ಸಾಧ್ಯವಾದರೆ ಅದೇ ಪಂಪ್. ಮೊದಲ ಕ್ಲಿಕ್‌ಗೆ ನಿಲ್ಲಿಸಿ, ಮೇಲೆ ಒತ್ತಿ ತುಂಬಬೇಡಿ. ಓಡಿದ ಮೈಲಿಯನ್ನು ಹಾಕಿದ ಗ್ಯಾಲನ್‌ನಿಂದ ಭಾಗಿಸಿ. ಒಂದು ಸಲದ ಲೆಕ್ಕಕ್ಕೆ ಬೆಲೆ ಇಲ್ಲ, ಮೂರು ನಾಲ್ಕು ಟ್ಯಾಂಕ್ ಆದರೆ ನಂಬಬಹುದು.

ನೀವು ಸೆಕೆಂಡ್ ಹ್ಯಾಂಡ್ ತಗೊಳ್ಳುತ್ತಿರುವುದರಿಂದ ಟೈರ್ ನೋಡುವುದು ಬಹಳ ಮುಖ್ಯ. ಟೆಕ್ಸಾಸ್‌ನಲ್ಲಿ ಗಾಡಿ ಎತ್ತರಿಸಿ ದೊಡ್ಡ ಆಲ್ ಟೆರೇನ್ ಟೈರ್ ಹಾಕುವ ಹುಚ್ಚು ಜಾಸ್ತಿ. ನೋಡಲು ಚೆನ್ನಾಗಿರುತ್ತದೆ, ಆದರೆ ಒಂದೆರಡು ಮೈಲಿ ಹೋಯಿತು ಅಂತಲೇ ಲೆಕ್ಕ. 32 ಇಂಚಿನ ಜಾಗಕ್ಕೆ 35 ಹಾಕಿ ಕಂಪ್ಯೂಟರ್‌ಗೆ ತಿಳಿಸದೆ ಇದ್ದರೆ ಓಡೋಮೀಟರ್ ಕೂಡ 8-9% ಕಡಿಮೆ ತೋರಿಸುತ್ತದೆ. 60,000 ಮೈಲಿ ಅಂತ ತೋರಿಸುವ ಗಾಡಿ ನಿಜವಾಗಿ 65,000 ದಾಟಿರಬಹುದು. ಫೋರ್ ವೀಲ್ ಡ್ರೈವ್ ಆದರೆ ಸ್ಟಿಕರ್ ಅಂಕಿಯೇ ಒಂದೆರಡು ಕಡಿಮೆ, ಅದನ್ನೂ ನೋಡಿಕೊಳ್ಳಿ.

ಪೆಟ್ರೋಲ್ ವಿಷಯದಲ್ಲಿ ದಿನನಿತ್ಯದ ಓಡಾಟಕ್ಕೆ ರೆಗ್ಯುಲರ್, ಅಂದರೆ 87 ಆಕ್ಟೇನ್ ಸಾಕು. ಟ್ರೈಲರ್ ಎಳೆಯುವ ದಿನ ಮಾತ್ರ ಹೆಚ್ಚು ಆಕ್ಟೇನಿನ ಪ್ರೀಮಿಯಂ ಹಾಕಿ. ಮೇಲೆ ಹೇಳಿದ ಕಿಡಿ ತಡ ಮಾಡುವ ಕೆಲಸ ಆಗ ಕಡಿಮೆಯಾಗುತ್ತದೆ.

ಇನ್ನು ವಿ8. ಅದೇ ವರ್ಷದ 5.0 ಲೀಟರ್ ವಿ8ಗೆ ಟೂ ವೀಲ್ ಡ್ರೈವ್‌ನಲ್ಲಿ ಸ್ಟಿಕರ್ 17/23, ಸೇರಿಸಿ 19. ವರ್ಷಕ್ಕೆ 12,000 ಮೈಲಿ ಓಡಿಸಿದರೆ 22 ಕೊಡುವ ಗಾಡಿಗೆ 545 ಗ್ಯಾಲನ್ ಬೇಕು, 19 ಕೊಡುವುದಕ್ಕೆ 632. ಗ್ಯಾಲನ್‌ಗೆ 3 ಡಾಲರ್ ಹಿಡಿದರೂ ವ್ಯತ್ಯಾಸ ವರ್ಷಕ್ಕೆ 260 ಡಾಲರ್ ಆಸುಪಾಸು. ಟ್ರೈಲರ್ ಕಟ್ಟಿದಾಗ ಆ ವ್ಯತ್ಯಾಸವೂ ಹೆಚ್ಚುಕಡಿಮೆ ಮಾಯ. ಆಫೀಸು, ಮಕ್ಕಳ ಕ್ಲಾಸು, ಕಾಸ್ಟ್‌ಕೊ, ವರ್ಷಕ್ಕೆ ಎರಡು ಸಲ ಟ್ರೈಲರ್ ಅನ್ನುವುದಾದರೆ 2.7 ಕಣ್ಣು ಮುಚ್ಚಿ ತಗೊಳ್ಳಿ. ವಾರ ವಾರ ಭಾರ ಎಳೆಯುವವರಾದರೆ ಮೈಲೇಜ್ ನೋಡಿ ಎಂಜಿನ್ ಆರಿಸಬೇಡಿ, ಎಳೆಯುವ ಸಾಮರ್ಥ್ಯ ನೋಡಿ ಆರಿಸಿ.

ಟೆಸ್ಟ್ ಡ್ರೈವ್‌ಗೆ ಹೋದಾಗ ಡೀಲರ್ ಅಂಗಡಿಯ ಸುತ್ತ ಒಂದು ರೌಂಡ್ ಹೊಡೆದು ಬರಬೇಡಿ. ಹೈವೇಗೆ ತಗೊಂಡು ಹೋಗಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ, 70ಕ್ಕೆ ಕ್ರೂಸ್ ಹಾಕಿ ಹತ್ತು ಮೈಲಿ ಹೋಗಿ, ಅದೇ ರಸ್ತೆಯಲ್ಲಿ ಹತ್ತು ಮೈಲಿ ವಾಪಸ್ ಬನ್ನಿ. ಇಷ್ಟು ಚಿಕ್ಕ ಓಟಕ್ಕೆ ಡ್ಯಾಶ್‌ಬೋರ್ಡಿನ ಅಂದಾಜೇ ಸಾಕು. ಎರಡೂ ಕಡೆ ಸೇರಿ ಅದು 22-23 ತೋರಿಸಿದರೆ ಸರಿ ಇದೆ. 18 ತೋರಿಸಿದರೆ ಕೆಳಗಿಳಿದು ಟೈರ್ ನೋಡಿ, ಗಾಳಿ ಎಷ್ಟಿದೆ ಅಂತ ಚೆಕ್ ಮಾಡಿ. ಟೈರ್ ಸೈಜ್ ಇಲ್ಲಿ ಬರೆಯಿರಿ, ಓಡೋಮೀಟರ್ ಎಷ್ಟು ತಪ್ಪಿದೆ ಅಂತ ನಾನೇ ಲೆಕ್ಕ ಹಾಕಿ ಹೇಳುತ್ತೇನೆ.